ಶೇಡಿಯ ಬಾಯಲ್ಲಿ ಫ್ಲೋಯ್ಡ್

ನನ್ನ ಎಡಗಾಲು ನೆಲದ ಮೇಲಿತ್ತು. ಬಲಗಾಲಿನ ಕೆಳಗೆ ಏನೂ ಇರಲಿಲ್ಲ!

ಕಾಲರ್ ಹಿಡಿದವನು ದೀಪೇಶ್, ಪಕ್ಕದಲ್ಲೇ ನಿಂತಿದ್ದ ಕಂಟ್ರಾಕ್ಟರ್ ಸುಂದರನ ಆಳು. ಕೆಳಗೆ ನೂರೈವತ್ತು ಅಡಿ ಕತ್ತಲು. ಬಜಪೆಯ ಗುಡ್ಡದಲ್ಲಿ ನೀರಿನ ಸುರಂಗಕ್ಕೆಂದು ಡ್ರಿಲ್ ಮಾಡುತ್ತಿದ್ದ ಬಾವಿ.

ಅದರೊಳಗೆ ಕ್ರೇನಿನ ಪಂಜರ ಇಳಿಯುತ್ತಿತ್ತು. ಪಂಜರದಲ್ಲಿ ವೆಲ್ಡರ್ ಫ್ಲೋಯ್ಡ್.

ನಾನು ಇನ್ಶೂರೆನ್ಸಿನವರ ತನಿಖೆಗಾರ. ಯಾವಾಗಲೂ ಹೆಣ ಬಿದ್ದ ಮೇಲೆ ಬರುವವನು. ಇವತ್ತು ಫ್ಲೋಯ್ಡ್‌ನ ಹೆಂಡತಿ ಆನಿ, ಗಂಡನನ್ನು ಬಾವಿಗಿಳಿಸುತ್ತಾರೆಂದು ಅಳುತ್ತಾ ಫೋನ್ ಮಾಡಿದ್ದಳು... ಮೊದಲೇ ಬಂದು ಅಡ್ಡ ನಿಂತಿದ್ದೆ.

"ಬಾವಿಗೆ ತುಂಬಿಸಿದ್ದ ಕೆಸರು ಯಾಕೆ ಖಾಲಿ ಮಾಡಿದ್ದು ಸುಂದರಣ್ಣ?"

"ಡ್ರಿಲ್ಲಿನ ಬಿಟ್ ತುಂಡಾಗಿ ತಳದಲ್ಲಿ ಉಂಟು. ಕೊಕ್ಕೆ ಹಾಕ್ಲಿಕ್ಕೆ ಜನ ಇಳಿಯುವುದು ಬೇಡ್ವಾ? ನಿನಗೆಂತ ಮಾರಾಯ!"

"ಮೇಲೆ ಮಾತ್ರ ಗಟ್ಟಿ ಮುರಕಲ್ಲು. ಅಡಿಯಲ್ಲಿ ಪೂರ್ತಿ ಶೇಡಿ. ಆ ಬಿಳಿ ಮಣ್ಣನ್ನು ಒತ್ತಿ ನಿಲ್ಲಿಸಿದ್ದೇ ಕೆಸರು!"

"ಬೆಳಿಗ್ಗೆಯಿಂದ ಗೋಡೆ ಹಾಗೇ ಉಂಟಲ್ಲ!"

"ಬೀಳುವ ಮೊದಲು ಶೇಡಿ ನಿಮಗೆ ಫೋನ್ ಮಾಡ್ತದಾ?"

ದೀಪೇಶನಿಗೆ ನಗು ಬಂತು. ಹಿಡಿತ ಸಡಿಲವಾಯಿತು. ಅಷ್ಟೇ ಸಾಕು! ಅವನ ಹೊಟ್ಟೆಗೆ ಮೊಣಕೈ ಹಾಕಿ ಇತ್ತ ಹೊರಳಿದೆ. ಓಡಿದೆ.

ಕೆಸರಿನ ಟ್ಯಾಂಕ್ ಅಂಗಳದ ಆಚೆ. ಹಿಂದೆ ಬೂಟುಗಳ ಸದ್ದು. ಬೆನ್ನಿಗೆ ಸ್ಪ್ಯಾನರ್ ಬಿತ್ತು. ವಾಲ್ವಿಗೆ ಜೋತುಬಿದ್ದು ತಿರುಗಿಸಿದೆ.

ದಪ್ಪ ಪೈಪು ಕೊಸರಾಡಿತು... ಬಾವಿಯ ತಳಕ್ಕೆ ಕೆಸರು ಭೋರೆಂದು ನುಗ್ಗಿತು!

"ಬಂದ್ ಮಾಡು! ಮನುಷ್ಯ ಒಳಗಿದ್ದಾನೆ!" ಸುಂದರ ಕಿರುಚಿದ.

"ಈಗ ನೆನಪಾಯ್ತಾ? ಅವನು ಅರ್ಧದಲ್ಲಿದ್ದಾನೆ. ಕೆಸರು ತಳದಿಂದ ಏರ್ತದೆ. ಅಷ್ಟರಲ್ಲಿ ಮೇಲೆತ್ತಿ!"

"ವಾಲ್ವ್ ಬಿಡು... ಕೈ ಮುರೀತೇನೆ!"

"ಮುರೀರಿ. ಬಿಡುವುದಿಲ್ಲ."

ಕ್ರೇನಿನಲ್ಲಿದ್ದ ಮಾಯಿಲಪ್ಪ ಧಣಿಯ ಮುಖ ನೋಡಲಿಲ್ಲ. ಲಿವರ್ ಎಳೆದ.

ಪಂಜರ ಮೇಲೆ ಬಂತು. ಫ್ಲೋಯ್ಡ್‌ನ ಬೂಟು ನೆಲ ಮುಟ್ಟಿತ್ತಷ್ಟೇ...

ಧಡ್!

ಬಸ್ಸಿನಷ್ಟು ಶೇಡಿ ಗೋಡೆಯಿಂದ ಕಳಚಿ ಬಿತ್ತು. ಬಾವಿಯ ಬಾಯಿಂದ ತಣ್ಣನೆ ಗಾಳಿ ಅಂಗಳ ದಾಟಿ ಮುಖಕ್ಕೆ ಹೊಡೆಯಿತು. ಫ್ಲೋಯ್ಡ್ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡ.

ವಾಲ್ವನ್ನು ತೆರೆದೇ ಇಟ್ಟು ಬಾವಿಯತ್ತ ನಡೆದೆ. ದೀಪೇಶ್ ತಾನಾಗಿ ದಾರಿ ಬಿಟ್ಟ.

ಸುಂದರ ಮಾತ್ರ ಬೊಬ್ಬೆ ಹಾಕಿದ. "ನನ್ನ ಬಿಟ್ ಹೋಯ್ತಲ್ಲ! ಇನ್ನು ಅದನ್ನು ತೆಗೆಯುವುದು ಯಾರು?"

ಪಂಜರದ ಬಾಗಿಲನ್ನು ಅಗಲವಾಗಿ ತೆರೆದು ಹಿಡಿದೆ.

"ಬನ್ನಿ ಸುಂದರಣ್ಣ. ಶೂ ಬಿಚ್ಚಿ ಇಳೀರಿ... ಹೊಸದು, ಕೆಸರಾಗ್ತದೆ."