ಏಳನೇ ತಿಂಗಳಲ್ಲಿ ಹೆಸರು ಕೂಗಬೇಡಿ

"ಮೊಯ್ದೀನ್, ಹಕ್ಕಿಗಳ ಜೊತೆ ಜಗಳ ಆಡ್ಬೇಡ."

ಬಾಗಿಲಾಚೆ ಬೊಟಾಕ್ ನಕ್ಕ. ಬೋಳುತಲೆಯ ಆ ಆನೆಯಂಥ ಆಳು ಹೊರಗಿನಿಂದ ಅಡ್ಡಪಟ್ಟಿ ಹಾಕಿದ ಸದ್ದು ಕೇಳಿತು.

ನಾನು ನೆಲದ ಮೇಲೆ ಬಿದ್ದಿದ್ದೆ. ತಲೆಯ ಹಿಂದೆ ಬುಗುಟು. ನನ್ನ ಫೋನ್ ಅವನ ಜೇಬಿನಲ್ಲಿತ್ತು.

ಹೊರಗೆ ಮಟಮಟ ಮಧ್ಯಾಹ್ನ. ಒಳಗೆ ಗವ್ವೆನ್ನುವ ಕತ್ತಲು. ಕಿಟಕಿಗಳಿಗೆಲ್ಲ ಇಟ್ಟಿಗೆ ಕಟ್ಟಿದ್ದರು. ತಲೆಯ ಮೇಲೊಂದು ಸ್ಪೀಕರ್, ಅದರಲ್ಲಿ ಹಕ್ಕಿಯ ಚಿಲಿಪಿಲಿ... ನಿಲ್ಲದ ಚಿಲಿಪಿಲಿ. ಅದನ್ನು ಕೇಳಿ ನಿಜವಾದ ಹಕ್ಕಿಗಳು ಮಾಡಿನ ಸಂದಿಯಿಂದ ಬರುತ್ತವೆ, ತಮ್ಮ ಜೊಲ್ಲಿನಿಂದ ಗೂಡು ಕಟ್ಟುತ್ತವೆ. ಆ ಗೂಡನ್ನು ಸೂಪು ಮಾಡಿ ಶ್ರೀಮಂತರು ಕುಡಿಯುತ್ತಾರೆ. ಕುಡಿಯಲಿ, ನನಗೇನು? ನನಗೆ ಬೇಕಾಗಿದ್ದದ್ದು ಹೊರಗೆ ಹೋಗುವ ದಾರಿ.

"ಎಚ್ಚರ ಆಯ್ತಾ?" ಬಾಗಿಲಾಚೆ ಇನ್ನೊಂದು ದನಿ. ಮೆತ್ತಗಿನ ದನಿ.

ಫೂಂಗ್ ತೌಕೆ, ಎಂದರೆ ಫೂಂಗ್ ಸಾಹುಕಾರ. ಬೊಟಾಕನ ಧಣಿ. ಕೌಲಾಲಂಪುರದಿಂದ ಬಂದು ನಮ್ಮ ಬೀದಿಯ ಅರ್ಧ ಸಾಲು ಮನೆಗಳನ್ನು ಕೊಂಡವನು.

"ಬಾಗಿಲು ತೆಗೀರಿ ತೌಕೆ. ಮಾತಾಡೋಣ."

"ಮಾತೇನಿದೆ? ಪೆನಾಂಗ್ ಹಳೇ ಪೇಟೆ, ಪಾರಂಪರಿಕ ಜಾಗ, ಕೆಡವ್ಬಾರ್ದು ಅಂತಾರೆ. ಸರಿ, ನಾನು ಕೆಡವಲ್ಲ. ತಾನಾಗಿ ಬಿದ್ರೆ ಯಾರೇನ್ ಮಾಡ್ತಾರೆ? ಇವತ್ತು ಬೀದಿ ಹಬ್ಬದ ನಾಟಕ, ಅದರ ನಗಾರಿ ಶುರುವಾಗ್ಲಿ. ಬೀದಿಯೋರ ಕಣ್ಣೆಲ್ಲಾ ಸ್ಟೇಜ್ ಮೇಲಿರತ್ತೆ. ಹಿಂದಿನ ಓಣೀಲಿ ನನ್ನ ಲಾರಿ ನಿಂತಿದೆ. ನಗಾರಿ ಕೇಳಿದ ತಕ್ಷಣ ಡ್ರೈವರ್ ಸರಪಳಿ ಎಳೀತಾನೆ."

"ಪಕ್ಕದ ಮನೇಲಿ ಗೈಕ್ ಅಜ್ಜಿ ಇದಾರೆ."

"ಅದಕ್ಕೇ ಎಳೀತಿರೋದು."

"ಮತ್ತೆ ನಾನು?"

"ಗೂಡು ಕದಿಯೋಕೆ ಬಂದ ಕಳ್ಳ. ಪಾಪ, ಗ್ರಹಚಾರ ಸರಿ ಇರ್ಲಿಲ್ಲ."

ಹೆಜ್ಜೆಗಳು ಕೆಳಗಿಳಿದವು.

ನೋಡಿ, ನನ್ನ ಕಸುಬು ಬೀದಿಯ ಗಂಟು ಬಿಡಿಸುವುದು. ನೆರೆಹೊರೆಯ ಜಗಳ, ಪರವಾನಗಿ, ಓಡಿಹೋದ ಅಳಿಯ... ಎಲ್ಲದಕ್ಕೂ ಮೊಯ್ದೀನನೇ ಬೇಕು. ಬೆಳಿಗ್ಗೆ ಗೈಕ್ ಅಜ್ಜಿ ಕರೆದು, "ಗೋಡೆ ಬೆವರ್ತಾ ಇದೆ ಮಗಾ, ಏನು ನೋಡು" ಎಂದಿದ್ದರು. ಎಂಬತ್ತು ದಾಟಿದ ಜೀವ. ಹುಟ್ಟಿದ್ದೂ ಅದೇ ಮನೆಯಲ್ಲಿ. ಬಾಡಿಗೆ ಏರಿಸದಂತೆ ತಡೆದಿದ್ದ ಕಾನೂನು ಹೋದ ಮೇಲೆ ಬೀದಿಯ ಮಂದಿ ಒಬ್ಬೊಬ್ಬರಾಗಿ ಗುಳೆ ಹೋದರು, ಅವರ ಕೋಣೆಗಳಿಗೆ ಹಕ್ಕಿಗಳು ಬಂದವು. ಅಜ್ಜಿ ಮಾತ್ರ ಜಪ್ಪಯ್ಯ ಅಂದರೂ ಕದಲಲಿಲ್ಲ.

ಹಿಂಬಾಗಿಲಿಂದ ಈ ಹಕ್ಕಿಮನೆಗೆ ನುಗ್ಗಿ ನೋಡಿದೆ. ಗೋಡೆಯ ಬುಡಕ್ಕೆ ಪೈಪ್ ಇಟ್ಟು ನೀರು ಬಿಟ್ಟಿದ್ದರು. ತೊಲೆಗಳನ್ನು ಮುಕ್ಕಾಲು ಕೊಯ್ದು ಸರಪಳಿ ಸುತ್ತಿದ್ದರು. ನಮ್ಮ ಸಾಲುಮನೆಗಳಿಗೆ ಸ್ವಂತ ಗೋಡೆ ಇಲ್ಲ, ಇಬ್ಬರಿಗೆ ಒಂದೇ. ನನ್ನ ಮುತ್ತಜ್ಜ ನಾಗೂರಿನಿಂದ ಹಡಗು ಹತ್ತಿ ಬಂದು ಇಲ್ಲಿ ಹಗ್ಗ ಮಾರುತ್ತಿದ್ದಾಗಲೂ ಹಾಗೇ ಇತ್ತು. ಈ ಮನೆ ಬಿದ್ದರೆ ಅಜ್ಜಿಯ ಮನೆಯೂ ಬೀಳುತ್ತದೆ.

ಅಷ್ಟರಲ್ಲಿ ತಲೆಗೆ ಏಟು ಬಿತ್ತು. ಆಮೇಲೆ ಮಹಡಿಯ ಈ ಮುಂಗೋಣೆಯಲ್ಲಿ ಬಿದ್ದಿದ್ದೆ.

ಈಗ ಎದ್ದು ಒಂದು ಹೆಜ್ಜೆ ಇಟ್ಟೆ. ನೆಲ ನರಳಿತು... ತುಸು ಕುಸಿಯಿತು. ಮೆಲ್ಲಗೆ ಹೊಟ್ಟೆಯ ಮೇಲೆ ಮಲಗಿದೆ.

ಬಾಗಿಲು ಒದೆಯುವಂತಿಲ್ಲ. ಇಟ್ಟಿಗೆ ಕೀಳಲು ಉಗುರು ಸಾಲದು. ಮಾಡಿನ ಸಂದಿ ಹಕ್ಕಿಗೆ ಮಾತ್ರ. ನಿಜ ಹೇಳುತ್ತೇನೆ, ಹೆದರಿದ್ದೆ. ಹಿಕ್ಕೆಯ ನಾತಕ್ಕೆ ಉಸಿರು ಕಟ್ಟುತ್ತಿತ್ತು.

ಆಗ ನೆನಪಾಯಿತು. ಇಣುಕುಕಿಂಡಿ.

ಈ ಮನೆಗಳನ್ನು ಕಟ್ಟಿದ್ದು ಗುಂಪುಗುಂಪುಗಳು ಬೀದಿಯಲ್ಲೇ ಕತ್ತಿ ಹಿಡಿದು ಬಡಿದಾಡುತ್ತಿದ್ದ ಕಾಲದಲ್ಲಿ. ಬಾಗಿಲು ತಟ್ಟಿದವನು ನೆಂಟನೋ ಕೊಲೆಗಾರನೋ, ತೆಗೆಯುವ ಮೊದಲು ತಿಳಿಯಬೇಕಲ್ಲ? ಮಹಡಿಯ ಮುಂಗೋಣೆ ಇರುವುದು ಬಾಗಿಲ ಮುಂದಿನ ಐದಡಿ ಜಗಲಿಯ ಮೇಲೆ. ಅದರ ನೆಲದಲ್ಲಿ ಒಂದು ಸಣ್ಣ ಕಿಂಡಿ ಬಿಡುತ್ತಿದ್ದರು. ಜಪಾನಿ ಸೈನಿಕರು ಬಂದಾಗ ಗೈಕ್ ಅಜ್ಜಿಯ ತಾಯಿ ಆ ಕಿಂಡಿಯಲ್ಲಿ ಬೂಟು ನೋಡಿ ಹೆಣ್ಣುಮಕ್ಕಳನ್ನು ಹಿಂಬಾಗಿಲಿಂದ ದಾಟಿಸಿದರಂತೆ. ಆಮೇಲಿನ ಕಾಲದಲ್ಲಿ ಅದರಿಂದಲೇ ಬುಟ್ಟಿ ಇಳಿಸಿ ನೂಡಲ್ಸ್ ಕೊಳ್ಳುತ್ತಿದ್ದರು.

ಸಾಲಿನ ಮನೆಗಳೆಲ್ಲ ಒಂದೇ ಅಚ್ಚು. ಇಲ್ಲೂ ಇರಲೇಬೇಕು.

ತೆವಳಿದೆ. ಬೆರಳಲ್ಲಿ ಹಿಕ್ಕೆ ಕೆರೆದೆ. ತಣ್ಣಗಿನ ಕಬ್ಬಿಣದ ಬಳೆ ಸಿಕ್ಕಿತು. ಎಳೆದೆ... ಅಲ್ಲಾಡಲಿಲ್ಲ. ಬಿಸ್ಮಿಲ್ಲಾ ಅಂದು ಮತ್ತೆ ಎಳೆದೆ.

ಬೆಳಕು ಬಂತು. ಕೆಳಗೆ ಜಗಲಿಯ ನೆಲ ಕಂಡಿತು. ಆದರೆ ಕಿಂಡಿಯಲ್ಲಿ ನನ್ನ ತಲೆಯೂ ತೂರುವಂತಿರಲಿಲ್ಲ.

ಯಾರೋ ಬರುತ್ತಿದ್ದರು. ಬಿದಿರುಬುಟ್ಟಿ ಹೆಣೆಯುವ ಟೆಕ್ ಸೆಂಗ್, ನನ್ನ ಶಾಲೆಯ ಗೆಳೆಯ.

"ಟೆಕ್ ಸೆಂಗ್..."

ಅವನು ಗಕ್ಕನೆ ನಿಂತ. ತಲೆ ಎತ್ತಲಿಲ್ಲ. ಪಕ್ಕಕ್ಕೆ ಉಗುಳಿ, ಬರುವಾಗ ಇದ್ದದ್ದಕ್ಕಿಂತ ಜೋರಾಗಿ ಹೋದ.

ಹಾಳಾಗಿ ಹೋಗಲಿ. ಚೀನೀ ಪಂಚಾಂಗದ ಏಳನೇ ತಿಂಗಳು! ನರಕದ ಬಾಗಿಲು ತೆರೆದಿರುವ ತಿಂಗಳು. ಹಸಿದ ದೆವ್ವಗಳು ಬೀದಿಗಿಳಿದಿರುತ್ತವೆ, ಅವಕ್ಕೆಂದೇ ಎಡೆ, ನಾಟಕ. ಕಾಣದ ಕಡೆಯಿಂದ ಯಾರಾದರೂ ಹೆಸರು ಕೂಗಿದರೆ ಓಗೊಡಬಾರದು, ತಿರುಗಿಯೂ ನೋಡಬಾರದು. ನಾನು ಸಾಬಿ, ಆದರೂ ಈ ಬೀದಿಯಲ್ಲಿ ಹುಟ್ಟಿದವನು. ನಾನಾಗಿದ್ದರೂ ಹಾಗೇ ಓಡುತ್ತಿದ್ದೆ.

ಇನ್ನಿಬ್ಬರನ್ನು ಕೂಗಿದೆ. ಇಬ್ಬರೂ ಕಾಲಿಗೆ ಬುದ್ಧಿ ಹೇಳಿದರು.

ಆಗ ತಟ್ಟೆ ಹಿಡಿದು ಗೈಕ್ ಅಜ್ಜಿಯೇ ಬಂದರು. ನೇರ ನನ್ನ ಕೆಳಗೆ ಕೂತು ದೆವ್ವಗಳಿಗೆ ಎಡೆ ಇಡತೊಡಗಿದರು. ಅನ್ನ, ಕಿತ್ತಳೆ, ಹುರಿದ ಹಂದಿಮಾಂಸ.

"ಗೈಕ್ ಅಜ್ಜಿ..."

ಅವರ ಕೈ ನಿಂತಿತು. ಮುಖ ಮೇಲೇಳಲಿಲ್ಲ.

"ಒಳ್ಳೇ ಅಣ್ಣಯ್ಯ, ಊಟ ಇಟ್ಟಿದೀನಿ. ತಿನ್ನು, ಹೋಗು. ಹೆಸರು ಹಿಡಿದು ಕೂಗೋದೆಲ್ಲ ಬೇಡ." ದೆವ್ವವನ್ನು ದೆವ್ವ ಅನ್ನುವ ಹಾಗಿಲ್ಲ. ಅಣ್ಣಯ್ಯ ಅನ್ನಬೇಕು.

"ಅಜ್ಜಿ, ನಾನು ಮೊಯ್ದೀನ್."

"ಎಲ್ಲರೂ ಹಂಗೇ ಹೇಳೋದು. ಹೋದ ವರ್ಷ ಒಬ್ಬ ನನ್ನ ತಂಗಿ ದನೀಲಿ ಕೂಗಿದ್ದ."

"ಮನೆ ಬೀಳತ್ತೆ ಅಜ್ಜಿ. ವಾಪಸ್ ಒಳಗೆ ಹೋಗ್ಬೇಡಿ."

"ಓಹೋ, ಮನೆ ಬಿಡಿಸೋ ದೆವ್ವಾನೂ ಬಂತಾ? ಫೂಂಗ್ ಕಳಿಸಿದ್ನಾ ನಿನ್ನ?"

ಅಳುವುದೋ ನಗುವುದೋ ತಿಳಿಯಲಿಲ್ಲ. ಗೋಡೆಯ ಮೇಲಿನ ಸ್ಪೀಕರ್ ವೈರ್ ಕೈಗೆ ಸಿಕ್ಕಿತು. ಕಿತ್ತೆ. ಚಿಲಿಪಿಲಿ ನಿಂತಿತು. ಅಜ್ಜಿ ಒಮ್ಮೆ ತಲೆ ಎತ್ತಿದರೆ ಸಾಕೆಂದು ವೈರನ್ನು ಅವರ ಮೂಗಿನ ಮುಂದೆ ಇಳಿಬಿಟ್ಟೆ.

ಅಜ್ಜಿ ನಿಟ್ಟುಸಿರು ಬಿಟ್ಟರು. "ಪಾಪ, ಬಗ್ಗೋಕೂ ಆಗ್ದಷ್ಟು ಹಸಿವಾ?" ಎಂದು ವೈರಿನ ತುದಿಗೆ ಏನನ್ನೋ ಕಟ್ಟಿದರು. ಎಳೆದುಕೊಂಡೆ. ಹಂದಿಮಾಂಸ.

"ಅಜ್ಜಿ, ಇದು ಹಂದಿ. ನಂಗೆ ಬೇಡ."

ಕೆಳಗೆ ತಟ್ಟೆ ಬದಿಗಿಟ್ಟ ಸದ್ದಾಯಿತು.

"ಹುರಿದ ಹಂದಿ ಬೇಡ ಅನ್ನೋ ದೆವ್ವ ಈ ಬೀದೀಲಿ ಇನ್ನೂ ಹುಟ್ಟಿಲ್ಲ," ಎಂದರು ಅಜ್ಜಿ. ತಲೆ ಎತ್ತಿದರು. "ಮೊಯ್ದೀನ್, ಅಲ್ಲೇನೋ ಮಾಡ್ತಿದೀಯಾ?"

ಹೇಳಿದೆ. ಪೈಪು, ತೊಲೆ, ಸರಪಳಿ, ಲಾರಿ. ನಗಾರಿಯೇ ಸಂಕೇತ ಎಂದೂ ಹೇಳಿದೆ.

"ನಗಾರಿನಾ?" ಅಜ್ಜಿಯ ಹುಬ್ಬು ಗಂಟಿಕ್ಕಿತು. "ಈ ವರ್ಷ ದೇವರು ಧೂಪದ ಯಜಮಾನಿಕೆ ಕೊಟ್ಟಿರೋದು ನಂಗೆ. ನಾನು ಊದುಬತ್ತಿ ಹಚ್ಚದೆ ಯಾವೋನು ನಗಾರಿ ಮುಟ್ತಾನೆ? ಆ ಕೌಲಾಲಂಪುರದೋನಿಗೆ ಅಷ್ಟೂ ಗೊತ್ತಿಲ್ವಾ?"

"ಹಾಗಾದ್ರೆ ಹಚ್ಚಬೇಡಿ."

"ಯಾವಾಗ ಹಚ್ಬೇಕು ಅಂತ ನಂಗೊತ್ತು. ನೀನು ಮಿಸುಕಾಡದೆ ಬಿದ್ದಿರು."

ಅಜ್ಜಿ ಹೋದರು. ಅದೇ ಹೊತ್ತಿಗೆ ಮೆಟ್ಟಿಲು ಕಿರುಗುಟ್ಟಿತು.

"ಹಕ್ಕಿ ಸದ್ದು ಯಾಕೆ ನಿಂತೋಯ್ತು?" ಬೊಟಾಕ್. ಅಡ್ಡಪಟ್ಟಿ ಸರಿಯಿತು. ಬಾಗಿಲು ತೆರೆಯಿತು. ಅವನ ಕೈಯಲ್ಲಿ ಮಚ್ಚು.

"ಬಾ, ಒಳಗೆ ಬಾ," ಎಂದೆ ಮಲಗಿದಲ್ಲಿಂದಲೇ. "ತೊಲೆ ಕೊಯ್ದವನು ನೀನೇ. ನಿನ್ನ ತೂಕ ಎಷ್ಟು ಅಂತ್ಲೂ ನಿಂಗೇ ಗೊತ್ತು."

ಅವನು ಹೊಸಿಲಲ್ಲೇ ಒಂದು ಕಾಲು ಊರಿ ನೋಡಿದ. ನೆಲ ನರಳಿತು. ಕಾಲು ಹಿಂದಕ್ಕೆ ಹೋಯಿತು.

"ಅಲ್ಲೇ ಸಾಯಿ," ಎಂದ. ಬಾಗಿಲು ಮುಚ್ಚಿತು. ಅಡ್ಡಪಟ್ಟಿ ಬಿತ್ತು. ಆದರೆ ಅವನು ಇಳಿದು ಹೋಗಲಿಲ್ಲ. ಮೆಟ್ಟಿಲ ಮೇಲೇ ಕಾವಲು ಕೂತ.

ಕಾದೆ. ಬೆವರು ಕಣ್ಣಿಗಿಳಿಯಿತು. ಕೆಳಗೆ ಪೈಪಿನ ನೀರು ಹರಿಯುತ್ತಲೇ ಇತ್ತು. ಗೋಡೆಯೊಳಗೆ ಎಲ್ಲೋ ಒಂದು ಇಟ್ಟಿಗೆ ಜಾರಿತು.

ಆಮೇಲೆ ನಗಾರಿ ಮೊಳಗಿತು.

ಧಡ್. ಧಡ್. ಜೊತೆಗೆ ತಾಳ.

ನಂಬಿದ್ದು ನೀರಿಗೆ ಬಿತ್ತಲ್ಲ ಮುದುಕಿ... ಯಾಕೆ ಹಚ್ಚಿದೆ? ಹಿಂದಿನ ಓಣಿಯಲ್ಲಿ ಲಾರಿ ಗುಡುಗಿತು. ಸರಪಳಿ ಝಣ್ ಎಂದು ಬಿಗಿಯಿತು. ಕಣ್ಣು ಮುಚ್ಚಿ ಕಲಿಮಾ ಹೇಳಿದೆ.

ನೆಲ ಅಲುಗಲಿಲ್ಲ.

ಬದಲಿಗೆ ಓಣಿಯಲ್ಲಿ ತಗಡು ಹರಿದ ಸದ್ದು. ಗಾಜು ಒಡೆದ ಸದ್ದು. "ನಿಲ್ಸೋ, ನನ್ನ ಕಾರು ಕಣೋ!" ಎಂದು ಫೂಂಗ್ ಅರಚಿದ. ಮೊದಲ ಸಲ ಅವನ ದನಿ ಮೆತ್ತಗಿರಲಿಲ್ಲ.

ಮೆಟ್ಟಿಲ ಮೇಲೆ ದಡಬಡ. ಬೊಟಾಕನ ಚೀರಾಟ, ಮಚ್ಚು ಉರುಳಿದ ಸದ್ದು, ಓಡಿದ ಸದ್ದು. ಬಾಗಿಲು ತೆರೆದಾಗ ಹೊಸಿಲಲ್ಲಿ ನಿಂತಿದ್ದವನು ನಾಟಕದ ಸೇನಾಪತಿ. ಅರ್ಧ ಮುಖಕ್ಕೆ ಕೆಂಪು ಬಣ್ಣ, ಬೆನ್ನ ಮೇಲೆ ನಾಲ್ಕು ಬಾವುಟ. ಏಳನೇ ತಿಂಗಳಲ್ಲಿ ಕತ್ತಲ ಮೆಟ್ಟಿಲ ಮೇಲೆ ಅದನ್ನು ಕಂಡರೆ ನಾನೂ ಮಚ್ಚು ಬಿಸಾಕುತ್ತಿದ್ದೆ.

ಸೇನಾಪತಿ ಹಗ್ಗ ಎಸೆದು ನನ್ನನ್ನು ಹಿಕ್ಕೆಯ ಮೇಲೆ ಎಳೆದುಕೊಂಡ.

ಕೆಳಗೆ ಗೈಕ್ ಅಜ್ಜಿ ತೀರಿಹೋದ ಗಂಡನ ಹೆಸರಿನ ಪೂಜೆಯ ಹಲಗೆಯನ್ನು ಎದೆಗೆ ಒತ್ತಿಕೊಂಡು ನಿಂತಿದ್ದರು. ಗೋಡೆಗೆ ಆಗಲೇ ನಾಟಕದವರು ಸ್ಟೇಜಿನ ಮರ ಕೊಟ್ಟು ಆನಿಸಿದ್ದರು. ನಾಟಕದ ಬಂದೋಬಸ್ತಿಗೆ ಬಂದಿದ್ದ ಪೊಲೀಸರು ಓಣಿಯಲ್ಲಿ ಫೂಂಗನ ಪಕ್ಕ ನಿಂತಿದ್ದರು.

"ಹಚ್ಚಬೇಡಿ ಅಂದಿದ್ನಲ್ಲ ಅಜ್ಜಿ," ಎಂದೆ.

"ಹಚ್ಚದಿದ್ರೆ ಅವನು ಎಳೀತಿರ್ಲಿಲ್ಲ. ಎಳೀದಿದ್ರೆ ಪೊಲೀಸರು ಏನು ನೋಡ್ತಿದ್ರು? ಮೊದಲು ಅವರನ್ನ ಓಣೀಲಿ ಮರೆಯಾಗಿ ನಿಲ್ಲಿಸ್ದೆ. ಡ್ರೈವರ್ ಕಣ್ಣು ತಪ್ಪಿಸಿ ನಾಟಕದ ಹುಡುಗರ ಕೈಲಿ ಸರಪಳಿ ಕೊಂಡಿ ತೊಲೆಯಿಂದ ಬಿಡಿಸಿ, ಓಣೀಲಿ ನಿಂತಿದ್ದ ಫೂಂಗ್ ಕಾರಿಗೆ ಹಾಕಿಸ್ದೆ. ಆಮೇಲೆ ಹಚ್ದೆ." ನನ್ನ ಕೆನ್ನೆಯ ಹಿಕ್ಕೆಯನ್ನು ಅಂಗಿಯ ತೋಳಿನಲ್ಲೇ ಒರೆಸಿದರು. "ಹೆದ್ರಿದ್ಯಾ ಮಗಾ?"

"ಹೆದ್ರಿದ್ದೆ."

"ನಾನೂನೂ."

ಗೋಡೆ ಇನ್ನೂ ನಿಂತಿದೆ. ಟೆಕ್ ಸೆಂಗ್ ಇನ್ನೂ ಕ್ಷಮೆ ಕೇಳುತ್ತಿದ್ದಾನೆ. ಏಳನೇ ತಿಂಗಳು ಬಂದರೆ ಇಂದಿಗೂ ನಮ್ಮ ಬೀದಿಯಲ್ಲಿ ಯಾರು ಹೆಸರು ಕೂಗಿದರೂ ಒಬ್ಬನೂ ತಿರುಗುವುದಿಲ್ಲ.

ಫೂಂಗ್ ತಿರುಗುತ್ತಾನೆ. ಕೋರ್ಟಿನಲ್ಲಿ ಹೆಸರು ಕೂಗಿದರೆ ತಿರುಗಲೇಬೇಕಲ್ಲ.