ಓಡಿಸದೇ ಪಾಸ್

ಮೊದಲ ದಿನವೇ ನನಗೆ ಹೇಸಿಗೆಯಾಯಿತು. ಡ್ರೈವಿಂಗ್ ಸ್ಕೂಲಿನ ಪುಟ್ಟ ಕಾರಿನ ಸ್ಟೀರಿಂಗ್ ಊರವರ ಬೆವರೆಲ್ಲ ಕುಡಿದು ಅಂಟಂಟಾಗಿತ್ತು. ಹಿಂದಿನ ಸೀಟಿನಲ್ಲಿ ಯಾರೋ ಎಂದೋ ವಾಂತಿ ಮಾಡಿದ್ದ ಹುಳಿ ವಾಸನೆ. ಪಕ್ಕದಲ್ಲಿದ್ದ ಮೇಷ್ಟ್ರು ಮಾತ್ರ ಪಾರ್ಕಿನಲ್ಲಿ ಕೂತವರ ಹಾಗೆ ಕಡಲೆಕಾಯಿ ಸುಲಿಯುತ್ತಿದ್ದರು.

"ಮಿಲಿಟರಿಯವರು ಇಷ್ಟಕ್ಕೆಲ್ಲ ಮೂಗು ಮುಚ್ಚಿಕೊಳ್ತಾರಾ?"

"ಮಿಲಿಟರೀಲಿ ಗಾಡಿ ತೊಳೀತಾರೆ, ಸಾರ್."

ಅವರು ನಕ್ಕರು. ಎಡಗೆನ್ನೆಯಲ್ಲಿ ಮಾತ್ರ ಗುಳಿ ಬಿತ್ತು. ಛೆ, ಅದನ್ನು ಯಾಕೆ ನೋಡಿದೆನೋ!

ನಾನು ಸೈನ್ಯದ ಆಸ್ಪತ್ರೆಯಲ್ಲಿ ನರ್ಸ್. ಇಪ್ಪತ್ತು ದಿನದ ರಜೆ ಮುಗಿಯುವಷ್ಟರಲ್ಲಿ ಲೈಸೆನ್ಸ್ ತಂದರೆ ಆಂಬುಲೆನ್ಸ್ ಓಡಿಸಲು ಕೊಡುತ್ತೇವೆ ಎಂದಿದ್ದರು ಮೇಲಧಿಕಾರಿ. ಎರಡು ವರ್ಷದಿಂದ ಆ ಮಾತಿಗೇ ಕಾದಿದ್ದೆ. ಕಲಿಕಾ ಲೈಸೆನ್ಸನ್ನು ಹಿಂದಿನ ರಜೆಯಲ್ಲೇ ಮಾಡಿಸಿಟ್ಟಿದ್ದೆ. ಎಲ್ಲ ಬಂತು, ರಿವರ್ಸ್ ಮಾತ್ರ ಕೈಕೊಡುತ್ತಿತ್ತು.

"ಕನ್ನಡಿ ನೋಡಿ ಮೇಡಂ."

"ನೋಡ್ತಾನೇ ಇದೀನಿ."

"ನನ್ನನ್ನಲ್ಲ. ರಸ್ತೇನ."

ನನ್ನ ಕಿವಿ ಬಿಸಿಯಾಯಿತು.

ಹನ್ನೆರಡನೇ ದಿನ ಟೆಸ್ಟ್. ಲೈಸೆನ್ಸ್ ಆಫೀಸಿನ ಮೂಲೆಮೂಲೆಯಲ್ಲೂ ಉಗುಳಿದ ಕಲೆ. ಇನ್‌ಸ್ಪೆಕ್ಟರ್ ಹಲ್ಲಿನ ಸಂದಿ ಕೆದಕಿ, ಅದೇ ಬೆರಳಿನಿಂದ ನನ್ನ ಫಾರಂ ತಿರುವಿದ.

"ಓಡಿಸೋದೇನೂ ಬೇಡಮ್ಮ. ನಿಮ್ಮ ಮೇಷ್ಟ್ರು ಹೇಳಿದಾರೆ. ಪಾಸ್ ಅಂತ ಬರೀತೀನಿ."

ಅವನ ಕಣ್ಣು ಕಂಬಳಿಹುಳುವಿನ ಹಾಗೆ ನನ್ನ ಮೇಲೆ ಹರಿದಾಡಿತು. ಫಾರಂ ಕಿತ್ತುಕೊಂಡು ಹೊರಬಂದೆ. ಮೇಷ್ಟ್ರು ಗೇಟಿನ ಹತ್ತಿರವೇ ನಿಂತಿದ್ದರು.

"ನೀವು ಹೇಳಿದ್ರಾ?"

"ಹೇಳಿದೆ. ಆಂಬುಲೆನ್ಸ್ ಕೈತಪ್ಪಿದ್ರೆ ನೀವು ಅಳ್ತೀರಿ. ಅದನ್ನ ನೋಡೋಕೆ ನನ್ನ ಕೈಲಾಗಲ್ಲ."

"ಛೀ! ಗಾಡೀಲಿ ರಕ್ತ ಸುರಿಸ್ತಾ ಮಲಗಿರೋನಿಗೆ ಏನು ಹೇಳ್ಲಿ? ನಂಗೆ ಓಡಿಸೋಕೆ ಬರಲ್ಲಪ್ಪ, ಆದ್ರೆ ಮೇಷ್ಟ್ರಿಗೆ ನನ್ನ ಮೇಲೆ ಪ್ರೀತಿ ಇತ್ತು ಅಂತಲಾ?"

ಆ ಪದ ಬಾಯಿ ಜಾರಿಬಿಟ್ಟಿತ್ತು. ಇಬ್ಬರೂ ಕೇಳಿಸದವರ ಹಾಗೆ ನಿಂತೆವು. ಅವರ ಮುಖ ಬಾಡಿಹೋಯಿತು.

ಎರಡು ದಿನ ಮನೆ ಬಿಟ್ಟು ಕದಲಲಿಲ್ಲ. ಅವರ ಮೇಲೆ ಅಸಹ್ಯ. ಅಂಥವರ ನಗು ನೆನೆಯುತ್ತ ಕೂತ ನನ್ನ ಮೇಲೆ ಇನ್ನೂ ಅಸಹ್ಯ.

ಮೂರನೇ ದಿನ ಅವರೇ ಬಂದರು. ಅಮ್ಮನ ಎದುರಿಗೇ ಹೇಳಿದರು: "ತಪ್ಪು ಮಾಡಿದೆ. ನನ್ನ ಕಡೆಯವರನ್ನ ಓಡಿಸದೆ ಪಾಸ್ ಮಾಡಬೇಡಿ ಅಂತ ಆ ಇನ್‌ಸ್ಪೆಕ್ಟರ್‌ಗೆ ಹೇಳಿ ಬಂದೆ. ಶನಿವಾರ ಬೇರೆ ಆಫೀಸರ್ ಇರ್ತಾರೆ. ನಾಲ್ಕು ದಿನ ಇದೆ, ಕಲಿಸ್ತೀನಿ. ನನ್ನ ಮುಖ ಬೇಡ ಅಂದ್ರೆ ಬೇರೆ ಮೇಷ್ಟ್ರನ್ನ ಕಳಿಸ್ತೀನಿ."

"ಹೋಗೇ," ಎಂದರು ಅಮ್ಮ. "ಮನೇಲಿ ಕೂತು ಪಾತ್ರೆಗಳ ಮೇಲೆ ಸಿಟ್ಟು ತೀರಿಸ್ಕೋಬೇಡ."

ನಾಲ್ಕೂ ದಿನ ಬರೀ ರಿವರ್ಸ್. ಅವರು ಒಂದು ತಮಾಷೆಯನ್ನೂ ಆಡಲಿಲ್ಲ. ಶನಿವಾರ ಬಂದಿದ್ದ ಹಿರಿಯ ಹೆಂಗಸು ಕಂಬಗಳ ನಡುವೆ ಮೂರು ಸಲ ಹಿಂದಕ್ಕೆ ತೆಗೆಸಿದರು. ಒಂದು ಕಂಬಕ್ಕೂ ತಾಗಲಿಲ್ಲ.

"ಹೋಗಮ್ಮ, ಪಾಸ್," ಎಂದಾಗ ನಾನು ತಿರುಗಿ ನೋಡಿದೆ. ಬೇಲಿಯಾಚೆ ಮೇಷ್ಟ್ರು ಕಣ್ಣೊರೆಸಿಕೊಳ್ಳುತ್ತಿದ್ದರು.

ರಜೆ ಮುಗಿದ ದಿನ ಬಸ್‌ಸ್ಟ್ಯಾಂಡಿಗೆ ಅವರೇ ಬ್ಯಾಗ್ ಹೊತ್ತು ತಂದರು.

"ನನ್ನ ಕಂಡ್ರೆ ಇನ್ನೂ ಅಸಹ್ಯಾನಾ?"

"ಸ್ವಲ್ಪ ಇದೆ."

"ಯಾವಾಗ ಹೋಗುತ್ತೆ?"

"ಇನ್ನೊಂದು ಸಲ ಹಾಗೆ ಮಾಡಿದ್ರೆ, ಮದುವೆ ಆದ್ಮೇಲೂ ಹೋಗಲ್ಲ."

ಅವರು ಕಣ್ಣು ಪಿಳಿಪಿಳಿ ಬಿಟ್ಟರು. "ಮದುವೇನಾ?"

"ಮುಂದಿನ ರಜೇಲಿ. ಬಸ್ ಬಂತು, ಬ್ಯಾಗ್ ಕೊಡಿ."

ಬ್ಯಾಗಿನ ಜೊತೆ ನನ್ನ ಕೈಯೂ ಅವರ ಹಿಡಿತಕ್ಕೆ ಸಿಕ್ಕಿತು. ಕಂಡಕ್ಟರ್ ಸೀಟಿ ಊದುವವರೆಗೆ ನಾನು ಬಿಡಿಸಿಕೊಳ್ಳಲಿಲ್ಲ.