ಕುರುಡಿ ಮೀನಿಗೆ ಒದ್ದೆ ಕೈ

ಇಡ್ಲಿ ತಟ್ಟೆಗೆ ಹಿಟ್ಟು ಹೊಯ್ಯುತ್ತಿದ್ದೆ. ಮಗಳು ಶ್ರೀನಿಧಿ ಓಡಿ ಬಂದು ಎದುರಿಗೆ ಒಂದು ಮೀನು ಇಟ್ಟಳು.

ಸೌಟು ಕೈಯಲ್ಲೇ ನಿಂತಿತು. ನಾಸಿಕದ ಅಂಬಡ್‌ನಲ್ಲಿರುವ ನಮ್ಮ ಸಸ್ಯಾಹಾರಿ ಹೋಟೆಲಿನ ಅಡುಗೆಮನೆಗೆ ಮಾವನ ಕಾಲದಿಂದ ಮೊಟ್ಟೆ ಕೂಡ ಬಂದದ್ದಿಲ್ಲ.

"ಮರದ್ದು ಅಮ್ಮ. ರಾಕೇಶ್ ಅಂಕಲ್ ಟೇಬಲ್ ಮೇಲೆ ಮರೆತ್ರು."

ರಾಕೇಶ್ ಕುಂದಾಪುರದವರು, ಪಕ್ಕದ ಕಾರ್ಖಾನೆಯಲ್ಲಿ ಫಿಟ್ಟರ್. ಎರಡು ವರ್ಷದಿಂದ ಕಿಟಕಿ ಪಕ್ಕದ ಅದೇ ಟೇಬಲ್. ಸೋಮವಾರದಿಂದ ಸಂಭಾಜಿನಗರದ ಹತ್ತಿರದ ಬಿಡಕಿನ್‌ಗೆ ವರ್ಗ. ಹೋಗಬೇಡಿ ಎನ್ನಲು ನನಗೆ ಬಾಯಿ ಬರಲಿಲ್ಲ. ಅವರದು ಮೀನು ಹಿಡಿಯುವ ಮನೆತನ. ಚಟ್ನಿ ಮಾತ್ರ ಎರಡೆರಡು ಸಲ ಹಾಕಿದ್ದೆ.

ಮೀನನ್ನು ಬಾಳೆಲೆಯಲ್ಲಿ ಸುತ್ತಿ ಹೊರಗೆ ತಂದೆ. ಅವರು ಬಾಗಿಲಲ್ಲೇ ನಿಂತಿದ್ದರು.

"ಇಕ್ಕಳದಲ್ಲಿ ಹಿಡಿದು ತರ್ತೀರಿ ಅಂದ್ಕೊಂಡಿದ್ದೆ."

"ಇಕ್ಕಳ ಬಿಸಿ ಇತ್ತು."

ಅವರ ನಗು ಮೊದಲು ಕಣ್ಣಂಚಿಗೆ ಬಂದು, ನಿಧಾನವಾಗಿ ತುಟಿಗೆ ಇಳಿಯಿತು.

ಶ್ರೀನಿಧಿ ಬಾಳೆಲೆ ಸರಿಸಿ, ಮೀನಿನ ಹೊಟ್ಟೆಯಡಿ ನೇತಾಡುತ್ತಿದ್ದ ಗಾಳವನ್ನು ಮುಟ್ಟಿ ನೋಡಿದಳು. "ಚುಚ್ಚಲ್ವಾ?"

"ತುದಿಯ ಹಿಮ್ಮುಳ್ಳು ಅರದಲ್ಲಿ ಉಜ್ಜಿ ತೆಗ್ದಿದ್ದೇನೆ. ಮೀನಿನ ಬಾಯಿ ಹರೀಬಾರದಲ್ಲ. ಇದು ಕುರುಡಿ ಮೀನು ಹಿಡಿಯುವ ಆಮಿಷ. ಇಲ್ಲಿಯವರು ಜಿತಾಡಾ ಅಂತಾರೆ. ಹೊಳೆ ಸಮುದ್ರ ಸೇರುವಲ್ಲಿ ಇರ್ತದೆ, ನಿನ್ನಷ್ಟು ಉದ್ದ. ಮೊದಲು ಗಂಡು, ದೊಡ್ಡದಾದ ಮೇಲೆ ಹೆಣ್ಣು. ದೊಡ್ಡವೆಲ್ಲ ಮೊಟ್ಟೆ ಇಡುವ ಅಮ್ಮಂದಿರು ಮಾರಾಯ್ತಿ. ಅದಕ್ಕೇ ಹಿಡಿದ್ರೂ ನೀರಿಗೇ ಬಿಟ್ಟುಬಿಡ್ತೇನೆ."

"ಮ್ಹಣಜೆ, ಅಂದ್ರೆ ಅಪ್ಪನೂ ಅದೇ, ಅಮ್ಮನೂ ಅದೇ. ನಮ್ಮನೆ ಹಾಗೆ."

ಇವಳ ಅಪ್ಪ ತೀರಿಕೊಂಡು ನಾಲ್ಕು ವರ್ಷ. ರಾಕೇಶ್ ನನ್ನತ್ತ ನೋಡಿದರು. ನಾನು ಬಾಳೆಲೆಯನ್ನು ನೋಡಿದೆ.

"ಹೇಗೆ ಬಿಡೋದು?" ಕೇಳಿದ್ದು ನಾನೇ.

"ಕೈ ಒದ್ದೆ ಮಾಡ್ಕೊಳ್ಬೇಕು. ಒಣ ಕೈ ತಾಗಿದ್ರೆ ಮೈಯ ಲೋಳೆ ಹೋಗ್ತದೆ. ನೀರಲ್ಲೇ ಇಟ್ಟು, ಹೊಟ್ಟೆಯ ಕೆಳಗೆ ಅಂಗೈ ಕೊಟ್ಟು ಕಾಯ್ಬೇಕು. ಸುಧಾರಿಸ್ಕೊಂಡ ಮೇಲೆ ಅದೇ ಹೋಗ್ತದೆ."

"ಹೋಗದಿದ್ರೆ?"

"ಎಷ್ಟು ಹೊತ್ತಾದ್ರೂ ಹಿಡ್ಕೊಂಡೇ ಇರ್ತೇನೆ, ಪ್ರಜ್ಞಾ."

ಎರಡು ವರ್ಷದಲ್ಲಿ ಮೊದಲ ಸಲ ನನ್ನ ಹೆಸರು. ಬೀದಿಯ ರಿಕ್ಷಾಗಳೆಲ್ಲ ನೀರೊಳಗೆ ತೇಲಿದಂತೆ ದೂರವಾದವು.

"ಬಿಡಕಿನ್ ಬೇಡ ಅಂತ ಇವತ್ತೇ ಬರೆದುಕೊಡ್ತೇನೆ. ನೀವೊಂದು ಮಾತು ಹೇಳಿದ್ರೆ." ಅವರು ಅಂಗೈ ಚಾಚಿ ಮೀನು ಕೇಳಿದರು. "ನಿಮ್ಮ ಕೈ ಒದ್ದೆಯೇ ಉಂಟಲ್ಲ."

ಹಿಟ್ಟಿನ ಕೈ. ಮೀನು ಅವರ ಕೈಗೆ ಹೋದರೂ ನನ್ನ ಬೆರಳು ಅಲ್ಲೇ ಉಳಿಯಿತು. ತಲೆಯ ಮೇಲೆ 'ಶುದ್ಧ ಶಾಕಾಹಾರಿ' ಎಂಬ ಮಾವನ ಬೋರ್ಡು.

ಶ್ರೀನಿಧಿ ಬೋರ್ಡು ನೋಡಿದಳು, ನಮ್ಮಿಬ್ಬರ ಕೈ ನೋಡಿದಳು.

"ಅಮ್ಮ, ಅಂಕಲ್ ಮೀನು ಹಿಡೀತಾರೆ, ಆದ್ರೆ ಬಿಟ್ಟುಬಿಡ್ತಾರಲ್ಲ. ಮತ್ತೆ ಅವ್ರು ನಮ್ಮನೇಲೇ ಇರಬಹುದಲ್ವಾ?"